ಮೂರನೇ ಸಲ ಕೇಳಿದರೆ

ಊಟಕ್ಕೆ ಕೂತಾಗ ಲಾರಸ್ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ವಾಕ್ಯ ಉದುರಿಸಿದಳು. ಅನ್ನ ಕಲಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿ, "ಹಂಗಂದ್ರೆ?" ಎಂದಳು.

"ನಾನು ಶ್ರಮಜೀವಿ, ಪ್ರಾಮಾಣಿಕಳು, ಯಾವ ಕೆಲಸ ಕೊಟ್ರೂ ಬೇಗ ಕಲೀತೀನಿ ಅಂತ, ಸಿಂಬಾ." ಜಾವಾದ ಆ ಊರಿನಲ್ಲಿ ಮನೆಯವರಿಗೂ ನೆರೆಯವರಿಗೂ ಅಜ್ಜಿ ಎಂದರೆ ಸಿಂಬಾ.

ಅಜ್ಜಿ ಮೊಮ್ಮಗಳ ತಟ್ಟೆಯಲ್ಲಿದ್ದ ಕರಿದ ತೆಂಪೆಯ ತುಂಡನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. ಸೋಯಾ ಕಾಳಿನ ಆ ಬಿಲ್ಲೆ ಆವತ್ತು ತಲೆಗೊಂದೇ ಬಂದಿತ್ತು.

"ಅಯ್ಯೋ! ಯಾಕೆ?"

"ನಿನ್ನನ್ನ ನೀನೇ ಹೊಗಳ್ಕೊಂಡ್ರೆ ನಾವೆಲ್ಲಾ ಯಾತಕ್ಕಿದೀವಿ? ಹೊಗಳಿಕೆಯಿಂದಾನೇ ಹೊಟ್ಟೆ ತುಂಬ್ತಲ್ಲ, ತೆಂಪೆ ಯಾತಕ್ಕೆ?"

"ಇದು ಪಾಠ ಸಿಂಬಾ. ನಿಮ್ಮ ಸೊಸೇನೇ ಕಲಿಸಿದ್ದು."

ಅಜ್ಜಿಯ ಕಣ್ಣು ಸೊಸೆಯ ತಟ್ಟೆಯ ಕಡೆ ತಿರುಗಿತು. ಹರ್ತಾತಿ ತನ್ನ ತುಂಡನ್ನು ಅಷ್ಟರಲ್ಲಿ ಬಾಯಿಗೆ ಹಾಕಿಕೊಂಡಿದ್ದಳು. ಇಷ್ಟು ವರ್ಷ ಈ ಅತ್ತೆಯ ಕೈಕೆಳಗೆ ಬಾಳಿದವಳಿಗೆ ಅಷ್ಟಾದರೂ ಗೊತ್ತಿರಬೇಡವೆ?

ಆವತ್ತಿನಿಂದ ಅದು ಆ ಮನೆಯ ಕಾನೂನಾಯಿತು. ಚಾಪೆಯ ಮೇಲೆ ಕೂತು ಯಾರು ತಮ್ಮನ್ನು ತಾವು ಹೊಗಳಿಕೊಂಡರೂ ಒಂದು ತುಂಡು ದಂಡ. ವಸೂಲಿ ಮಾಡುವವಳೂ ಅಜ್ಜಿಯೇ, ತಿನ್ನುವವಳೂ ಅಜ್ಜಿಯೇ. ಸರ್ಕಾರದ ದಂಡವೂ ಹೀಗೇ ಅಲ್ಲವೆ?

ಹರ್ತಾತಿ ಚೆಪೆರ್‌ನ ಖಾಸಗಿ ವೃತ್ತಿಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಶಾಲೆಯ ಗೇಟಿನ ಮೇಲೆ "ಕಲಿತ ಕೈಗೆ ಕೆಲಸ ಖಚಿತ" ಎಂಬ ಬಟ್ಟೆಯ ಬ್ಯಾನರು. ಕೆಲಸಕ್ಕೆ ಅರ್ಜಿ ಬರೆಯುವುದು ಹೇಗೆ, ಸಂದರ್ಶನದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸುವುದು ಹೇಗೆ ಎಂದು ಅಡುಗೆ ವಿಭಾಗದ ಕೊನೆ ವರ್ಷದ ಮಕ್ಕಳಿಗೆ ಹೇಳಿಕೊಡುವುದು ಅವಳ ಪಾಲಿನ ಪಾಠ. ಆ ತರಗತಿಯಲ್ಲಿ ಅವಳ ಮಗಳು ಲಾರಸ್ ಕೂಡ ಇದ್ದಳು. ಕೆಲಸ ಸಂಪಾದಿಸುವ ವಿದ್ಯೆಯನ್ನು ಊರ ಮಕ್ಕಳಿಗೆಲ್ಲ ಕಲಿಸುತ್ತಿದ್ದ ಈ ಗುರುವಿಗೆ ಮಾತ್ರ ಕೆಲಸ ಖಾಯಂ ಇರಲಿಲ್ಲ. ಪ್ರತಿ ಜುಲೈನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷ ಪಾಕ್ ಕುಂಚೊರೊ ಒಂದು ಹಾಳೆ ಮುಂದೆ ತಳ್ಳುತ್ತಿದ್ದ, ಇವಳು ಓದದೆ ಸಹಿ ಹಾಕುತ್ತಿದ್ದಳು. ಇನ್ನೊಂದು ವರ್ಷ. ಗೌರವಧನದಲ್ಲಿ ಗೌರವವೂ ಅಷ್ಟಕ್ಕಷ್ಟೆ, ಧನವಂತೂ ಕೇಳಲೇಬೇಡಿ.

ಅವಳ ಗಂಡ ಮಾರ್ಸುದಿಯ ಪಾಡೂ ಅದೇ. ಅವನು ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಕಟ್ಟುವವನು. ಆರು ತಿಂಗಳಿಗೊಮ್ಮೆ ಕೆಲಸಗಾರರನ್ನೆಲ್ಲ ಹೊರಗೆ ಹಾಕಿ, ಒಂದು ತಿಂಗಳು ಮನೆಯಲ್ಲಿ ಕೂರಿಸಿ, ಆಮೇಲೆ ಹೊಸಬರು ಬಂದಂತೆ ಅರ್ಜಿ ಹಾಕಿಸಿಕೊಳ್ಳುವುದು ಅಲ್ಲಿನ ಪದ್ಧತಿ. ನಿನ್ನೆಯವರೆಗೆ ತಾನು ನಿಂತಿದ್ದ ಜಾಗದಲ್ಲಿ ನಾಳೆ ನಿಲ್ಲಲು ಅವನು ಕಂದು ಲಕೋಟೆಯಲ್ಲಿ ಫೋಟೊ ಇಟ್ಟು ಬೇಡಿಕೊಳ್ಳಬೇಕು. ಆ ಕಾರ್ಖಾನೆಯಲ್ಲಿ ಕಬ್ಬಿಣ ಖಾಯಂ, ಕೈಗಳು ಬದಲಿ.

ಆ ಸಲ ಮಾರ್ಸುದಿಯ ಮನೆವಾಸ ಮೇ ತಿಂಗಳಲ್ಲಿ ಬಂತು. ಮೊದಲ ದಿನವೇ ಫೋಟೊ ತೆಗೆಸಿಕೊಂಡು ಬಂದ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ್ಯಾರದು ಕೋಟು?"

"ಯಾರದೂ ಅಲ್ಲ, ಅವ್ವ. ಸ್ಟುಡಿಯೋದವನು ಕಂಪ್ಯೂಟರಲ್ಲಿ ತೊಡಿಸಿದ. ಈಗ ಎಲ್ರೂ ಹಂಗೇ."

"ಕೆಳಗಡೆ ಲುಂಗಿ ಉಟ್ಟಿದ್ಯಲ್ಲೋ?"

"ಫೋಟೊ ಎದೆವರೆಗೇ ಅಲ್ವಾ?"

"ಮರಳು ಹೊರೋ ಕೆಲಸಕ್ಕೆ ಇಲ್ಲದಿರೋ ಕೋಟು. ಇದನ್ನ ನೋಡಿ ಕೆಲಸ ಕೊಡೋನಿಗೆ ಬುದ್ಧಿ ಇಲ್ಲ, ಹಾಕ್ಕೊಂಡು ಹೋಗೋನಿಗೆ ನಾಚಿಕೆ ಇಲ್ಲ," ಎಂದು ಅಜ್ಜಿ ಫೋಟೊ ವಾಪಸು ಕೊಟ್ಟಳು. ಕೊಟ್ಟ ಮೇಲೆ ಮತ್ತೊಮ್ಮೆ ಇಸಿದುಕೊಂಡು ನೋಡಿ, "ನಿಮ್ಮಪ್ಪನಿಗೂ ಇಂಥದ್ದು ಒಪ್ತಿತ್ತು," ಎಂದಳು.

ಅದೇ ವಾರ ಪಾಕ್ ಕುಂಚೊರೊ ಹರ್ತಾತಿಯನ್ನು ಕೋಣೆಗೆ ಕರೆಸಿದ. ಅವನ ಮೇಜಿನ ಮೇಲೆ ಗಾಜಿನ ಕೆಳಗೆ ಅವನದೇ ಫೋಟೊಗಳಿದ್ದವು. ಮಂತ್ರಿಯ ಪಕ್ಕದಲ್ಲಿ ಒಂದು, ಜಿಲ್ಲಾಧಿಕಾರಿಯ ಹಿಂದೆ ಒಂದು.

"ಬು ಹರ್ತಾತಿ, ಯೋಗ್ಯಕರ್ತದ ದೊಡ್ಡ ಹೋಟೆಲಿಂದ ಬರ್ತಿದಾರೆ. ಶಾಲಾ ರಜದ ಹಂಗಾಮು, ಅಡುಗೆಮನೆಗೆ ಜನ ಬೇಕಂತೆ. ಸಂದರ್ಶನ ಇಂಗ್ಲಿಷಲ್ಲೇ. ಹುಡುಗರು ಆಯ್ಕೆಯಾದ್ರೆ ಗೇಟಿನ ಮೇಲೆ ಹೊಸ ಬ್ಯಾನರು."

"ಆಗದೆ ಇದ್ರೆ, ಪಾಕ್?" ಗಂಡಸರಿಗೆ ಪಾಕ್, ಹೆಂಗಸರಿಗೂ ತಾಯಿಗೂ ಬು ಎನ್ನುವುದು ಅಲ್ಲಿನ ಮರ್ಯಾದೆ.

ಅವನು ತುಂಬ ಮೃದುವಾಗಿ ನಕ್ಕ. ಜಾವಾದವರು ಕತ್ತು ಕೊಯ್ಯುವಾಗಲೂ ಹೀಗೇ ನಗುತ್ತಾರೆ.

"ಈಗ ಮೊಬೈಲಲ್ಲೇ ಇಂಗ್ಲಿಷ್ ಕಲಿಸೋ ಆ್ಯಪ್ ಬಂದಿವೆ. ಸಂಬಳ ಕೇಳಲ್ಲ, ಹೆರಿಗೆ ರಜೆ ಕೇಳಲ್ಲ. ಮಂಡಳಿಯಲ್ಲಿ ಕೆಲವರು ಅದನ್ನ ಹೇಳ್ತಿದಾರೆ. ನಾನಲ್ಲ, ಕೆಲವರು."

ಮಂಡಳಿಯಲ್ಲಿ ಇದ್ದದ್ದು ಅವನು, ಅವನ ತಮ್ಮ, ತಮ್ಮನ ಹೆಂಡತಿ. ಹರ್ತಾತಿ "ಪ್ರಯತ್ನ ಮಾಡ್ತೀನಿ, ಪಾಕ್," ಎಂದು ಬೆನ್ನು ಬಾಗಿಸಿ ಹೊರಗೆ ಬಂದಳು. ಮಕ್ಕಳು ಗೆದ್ದರೆ ಅವಳ ಹಾಳೆ ಬರುತ್ತದೆ, ಸೋತರೆ ಅವಳ ಜಾಗದಲ್ಲಿ ಮೊಬೈಲು ಕೂರುತ್ತದೆ. ಅರ್ಥವಾಗದ್ದು ಏನೂ ಇರಲಿಲ್ಲ.

ತರಗತಿಯಲ್ಲಿ ಅವಳು ಅಣಕು ಸಂದರ್ಶನ ಇಟ್ಟಳು. ಮೊದಲು ನಿಂತವನು ತರಗತಿಯ ಮುಖಂಡ ಬೀಮೊ. ಹೆಸರು ಭೀಮನದು, ಮೈಯೆಲ್ಲ ಹುಣಸೆ ಬರಲು. ವರ್ಷಗಟ್ಟಲೆ ಮನೆಯವರ ಅಂಗಡಿಯಲ್ಲಿ ಕೋಳಿ ಸಾರು ಕುದಿಸಿ ಪಳಗಿದವನು.

"ನಿಮಗೆ ಅಡುಗೆ ಚೆನ್ನಾಗಿ ಬರುತ್ತದೆಯೆ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ಇನ್ನೂ ಇಲ್ಲ," ಎಂದ ಬೀಮೊ.

"ನಿಮ್ಮ ಸಾಮರ್ಥ್ಯವೇನು?"

"ಇನ್ನೂ ಇಲ್ಲ."

"ಈ ಕೆಲಸಕ್ಕೆ ನಾವು ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು?"

ಬೀಮೊ ತಲೆ ತಗ್ಗಿಸಿ ತುಂಬ ಹೊತ್ತು ಯೋಚಿಸಿದ. "ದಯವಿಟ್ಟು ಲಾರಸ್‌ಳನ್ನು ತೆಗೆದುಕೊಳ್ಳಿ," ಎಂದ.

ತರಗತಿಯೆಲ್ಲ ಮೆಚ್ಚಿ ತಲೆಯಾಡಿಸಿತು. ಎಂಥ ಸಂಸ್ಕಾರವಂತ ಹುಡುಗ! ಹರ್ತಾತಿ ಹಣೆ ಒತ್ತಿಕೊಂಡಳು.

ಭಾನುವಾರ ಎಲ್ಲರನ್ನೂ ಮನೆಗೇ ಬರಹೇಳಿದಳು. ಹುಡುಗರು ಚಾಪೆಯ ಮೇಲೆ ಒತ್ತಿಕೊಂಡು ಕೂತರು. ಅಜ್ಜಿ ಬಿಸಿ ತೆಂಪೆಯ ದೊಡ್ಡ ತಟ್ಟೆ ತಂದಿಟ್ಟು, "ತಿನ್ನಿ ಮಕ್ಕಳಾ," ಎಂದಳು.

"ಬೇಡ ಸಿಂಬಾ, ಈಗ ತಾನೆ ತಿಂದು ಬಂದ್ವಿ," ಎಂದರು ಎಲ್ಲರೂ. ಯಾರೂ ತಿಂದು ಬಂದಿರಲಿಲ್ಲ.

ಅಜ್ಜಿ ಒಳಗೆ ಹೋಗಿ ನೀರಿನ ಹೂಜಿ ತಂದಳು. "ತಿನ್ನಿ ಅಂದ್ನಲ್ಲ, ಆರಿ ಹೋಗುತ್ತೆ."

"ಇರ್ಲಿ ಸಿಂಬಾ, ಸುಮ್ನೆ ತೊಂದ್ರೆ ನಿಮಗೆ."

ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು, ತಟ್ಟೆಯನ್ನು ಅರ್ಧ ಅಂಗುಲ ಮುಂದೆ ತಳ್ಳಿ ಮೂರನೇ ಸಲ ಹೇಳಿದಳು. "ತಿನ್ನದೆ ಹೋದ್ರೆ ನನ್ನ ಮನಸ್ಸಿಗೆ ಬೇಜಾರಾಗುತ್ತೆ, ನೋಡಿ."

ಅವಳು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ತಟ್ಟೆಯಲ್ಲಿ ಎಣ್ಣೆ ಮಾತ್ರ ಉಳಿದಿತ್ತು.

"ನೋಡಿದ್ರಾ?" ಎಂದು ಹರ್ತಾತಿ ಚಪ್ಪಾಳೆ ತಟ್ಟಿದಳು. "ಇದೇ ನಮ್ಮ ರೋಗ. ಸಂದರ್ಶನದಲ್ಲಿ ಮೂರನೇ ಸಲ ಯಾರೂ ಕೇಳಲ್ಲ. ಒಂದೇ ಸಲ ಕೇಳ್ತಾರೆ. ಆಗಲೇ 'ಹೌದು' ಅನ್ಬೇಕು. ಎಲ್ಲಿ, ಎಲ್ಲರೂ ಹೇಳಿ, ಹೌದು!"

"ಹೌದು," ಎಂದರು ಹುಡುಗರು, ಬಾಯಲ್ಲಿ ತೆಂಪೆ ಇಟ್ಟುಕೊಂಡು.

"ಮೂರು ಸಲ ಕೇಳದೋರ ಮನೇಲಿ ಯಾಕ್ರೋ ಉಣ್ಬೇಕು?" ಎಂದು ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದಳು. "ಒಂದೇ ಸಲ ಕೇಳೋನು ಬೇಡ ಅನ್ಲಿ ಅಂತ್ಲೇ ಕೇಳ್ತಾನೆ."

"ಸಿಂಬಾ, ಇದು ಪಾಠದ ಹೊತ್ತು!"

"ನಂದೂ ಪಾಠವೇ. ಸಂಬಳ ಇಲ್ಲ ಅಷ್ಟೆ. ಇಲ್ಲಿ ಯಾರಿಗೆ ಇದೆ?"

ಹುಡುಗರು ನಗಬಾರದೆಂದು ಕೆಮ್ಮಿದರು.

ಹೀಗೆ ದಿನಗಳು ಉರುಳಿದವು. ಕೆಲಸವಿಲ್ಲದ ಮಾರ್ಸುದಿ ಮನೆಗೆಲಸಕ್ಕೆ ಇಳಿದು ತಾಯಿಯ ಕೈಗೆ ಸಿಕ್ಕಿಬಿದ್ದ. ಅಜ್ಜಿ ಬೆಳಿಗ್ಗೆ ಜಗುಲಿಯಲ್ಲಿ ಕೂತು, ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಸುರಿದು ಬಾಳೆಲೆಯಲ್ಲಿ ಕಟ್ಟಿ ಮಾರುತ್ತಿದ್ದಳು. ಆ ಚಟ್ನಿ ಅರೆಯುವ ಕೆಲಸ ಈಗ ಅವನದು. ಅವನು ಎರಕದ ಮರಳು ತುಳಿದಂತೆ ಅರೆಯುತ್ತಿದ್ದ.

"ಮೆಲ್ಲಗೆ ಕಣೋ, ಅದು ಕಡಲೆಕಾಯಿ, ಕಬ್ಬಿಣ ಅಲ್ಲ."

"ನುಣ್ಣಗೆ ಬಂದಿದೆ ನೋಡಿ ಅವ್ವ. ನನ್ನ ಕೈಗೆ ಸಾಟಿ ಇಲ್ಲ..." ಎಂದವನು ನಾಲಿಗೆ ಕಚ್ಚಿಕೊಂಡ. ಮಧ್ಯಾಹ್ನ ಅವನ ತಟ್ಟೆಯಿಂದ ಒಂದು ತುಂಡು ಹೋಯಿತು.

ಗಿರಾಕಿಗಳು ಬಂದು, "ಇವತ್ತಿನ ಚಟ್ನಿ ಏನು ಘಮ ಸಿಂಬಾ!" ಎಂದರೆ ಅಜ್ಜಿ ಮುಖ ಸಿಂಡರಿಸುತ್ತಿದ್ದಳು. "ಎಲ್ಲಿ ಘಮ? ಕೆಟ್ಟುಹೋಗಿದೆ ಇವತ್ತು. ಉಪ್ಪಿಲ್ಲ, ಖಾರ ಇಲ್ಲ. ತಗೋಬೇಡಿ." ಹಾಗೆಂದ ಮೇಲೆ ಅವರು ಇನ್ನೂ ಎರಡು ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದರು.

ಲಾರಸ್ ಪಾಠದ ವಾಕ್ಯಗಳನ್ನೆಲ್ಲ ಮನೆಗೆಲಸ ತಪ್ಪಿಸಿಕೊಳ್ಳಲು ಬಳಸತೊಡಗಿದಳು. ಪಾತ್ರೆ ತೊಳೆ ಎಂದರೆ, "ನಾನು ತಂಡದೊಡನೆ ಕೆಲಸ ಮಾಡಲು ಇಷ್ಟಪಡುತ್ತೇನೆ," ಎಂದು ಇಂಗ್ಲಿಷಿನಲ್ಲಿ ಹೇಳಿ ತಂದೆಯ ಕಡೆ ನೋಡುತ್ತಿದ್ದಳು. ಬಾವಿಯ ಹಗ್ಗ ಸೇದು ಎಂದರೆ, "ಈ ಹುದ್ದೆಯ ಜವಾಬ್ದಾರಿಗಳನ್ನು ದಯವಿಟ್ಟು ವಿವರಿಸುವಿರಾ?"

"ಏನಂತಾಳೆ ಇವಳು?" ಎಂದು ಅಜ್ಜಿ ಕೇಳಿದರೆ ಮಾರ್ಸುದಿ, "ಆಗಲಿ ಸಿಂಬಾ ಅಂತಿದಾಳೆ," ಎಂದು ಅನುವಾದಿಸಿ ತಾನೇ ಹೋಗಿ ನೀರು ಸೇದುತ್ತಿದ್ದ.

ಸಂದರ್ಶನಕ್ಕೆ ಕೆಲವೇ ದಿನ ಇದೆ ಎನ್ನುವಾಗ ಜಗಳ ಆಗಿಯೇ ಆಯಿತು. ಹರ್ತಾತಿ ಸಂಜೆ ಮನೆಗೆ ಬಂದರೆ ಮಗಳು ಅಜ್ಜಿಯ ಎದುರು ಕೂತು ಸೊಪ್ಪು ಸೋಸುತ್ತಿದ್ದಳು. ಅಜ್ಜಿ ಅವಳಿಗೆ ಹೇಳಿಕೊಡುತ್ತಿದ್ದಳು, ದೊಡ್ಡವರು ಏನಾದರೂ ಕೊಟ್ಟರೆ ಮೊದಲು ಹೇಗೆ ಹಿಂಜರಿಯಬೇಕು, ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಎಂದು.

ಹರ್ತಾತಿ ಚೀಲ ಕೆಳಗೆಸೆದಳು. "ನಾನು ಹಗಲೆಲ್ಲಾ ಕಟ್ಟಿದ್ದನ್ನ ನೀವು ಸಂಜೆ ಬಿಚ್ತೀರಾ, ಸಿಂಬಾ? ಈ ಮಕ್ಕಳು ಬಾಯಿ ಬಿಡದೆ ಬಂದ್ರೆ ನನ್ನ ಕೆಲಸ ಹೋಗುತ್ತೆ. ಗೊತ್ತಾ ನಿಮಗೆ?"

ಅಲ್ಲಿಯವರೆಗೆ ಅವಳು ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೊಪ್ಪು ಸೋಸುವ ಕೈಗಳು ನಿಂತವು. ಮಾರ್ಸುದಿ ಬಾವಿಕಟ್ಟೆಯಿಂದ ಕೊಡದ ಸಮೇತ ಒಳಗೆ ಬಂದ.

"ಯಾರಂದಿದ್ದು?" ಎಂದ.

"ಕುಂಚೊರೊ. ಮೊಬೈಲ್ ಇಡ್ತಾನಂತೆ ನನ್ನ ಜಾಗದಲ್ಲಿ. ನಮ್ಮ ನಯ, ನಮ್ಮ ವಿನಯ, ಬೇಡ ಬೇಡ ಅನ್ನೋದು, ಇದೇ ನಮ್ಮನ್ನ ಹಾಳು ಮಾಡಿದ್ದು. ನಾವು ಕೇಳಲ್ಲ ಅಂತ್ಲೇ ಅವರು ಕೊಡಲ್ಲ."

ಅಜ್ಜಿ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅವಳ ದನಿ ಏರಲಿಲ್ಲ.

"ನೀನೆಲ್ಲಿ ಬೇಡ ಅಂದಿದೀಯ, ತಾತಿ? ಒಂದು ಸಲ ಹೇಳು. ಪ್ರತಿ ವರ್ಷ ಅವನು ಹಾಳೆ ತಳ್ಳೋದೇ ತಡ, ಪೆನ್ನಿನ ಮುಚ್ಚಳ ತೆಗೆಯೋ ಮೊದಲೇ ಸಹಿ ಹಾಕಿ ಬರ್ತೀಯ. ನನ್ನ ಮಗ ಇಲ್ಲದ ಕೋಟು ಹಾಕ್ಕೊಂಡು ಓಡ್ತಾನೆ. ಅದು ವಿನಯ ಅಲ್ಲ. ಹಸಿವು. ಹಸಿವನ್ನ ಕಂಡೋರು ಎರಡನೇ ಸಲ ಕೇಳ್ತಾರಾ?"

ಆ ರಾತ್ರಿ ಊಟದಲ್ಲಿ ಎಲ್ಲರ ತಟ್ಟೆಯಲ್ಲೂ ತೆಂಪೆ ಹಾಗೇ ಉಳಿಯಿತು. ಹೊಗಳಿಕೊಳ್ಳಲು ಯಾರಿಗೂ ಏನೂ ಇರಲಿಲ್ಲ.

ಸಂದರ್ಶನದ ದಿನ ಹೋಟೆಲಿನಿಂದ ಬಂದವನು ಪಾಕ್ ತೊಗಾರ್. ಸುಮಾತ್ರಾ ದ್ವೀಪದ ಮೆದಾನ್ ಕಡೆಯವನು, ಜಕಾರ್ತದಿಂದ ಯೋಗ್ಯಕರ್ತಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ದೊಡ್ಡ ದನಿ, ದೊಡ್ಡ ಮೀಸೆ, ನೇರ ಮಾತು. ಕೂತ ಗಳಿಗೆಯಿಂದ ಅವನ ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. "ಹಾಂ, ಗೊತ್ತು, ರೂಮೆಲ್ಲಾ ಭರ್ತಿ! ಪಾತ್ರೆ ತೊಳೆಯೋರು ಮೂರು ಜನ ಬಿಟ್ಟುಹೋದ್ರಾ? ಇಲ್ಲಿ ಅದಕ್ಕೇ ಬಂದಿದೀನಿ ಮಾರಾಯ, ಇವತ್ತೇ ಕರ್ಕೊಂಡು ಬರ್ತೀನಿ!" ಎಂದು ಕೂಗಾಡಿ ಇಡುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕುಂಚೊರೊ ಮೃದುವಾಗಿ ನಗುತ್ತ ಕೂತಿದ್ದ. ಹರ್ತಾತಿಯನ್ನು ಹಿಂದಿನ ಮೂಲೆಯಲ್ಲಿ, ಬಾಯಿ ಬಿಡಕೂಡದೆಂಬ ಷರತ್ತಿನ ಮೇಲೆ ಕೂರಿಸಿದ್ದರು.

ಒಬ್ಬೊಬ್ಬರನ್ನೇ ಕರೆಯುವಷ್ಟು ಪುರುಸೊತ್ತು ತೊಗಾರ್‌ಗೆ ಇರಲಿಲ್ಲ. ಬಿಳಿ ಟೋಪಿ ಹಾಕಿದ ಹುಡುಗರನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ತರಕಾರಿ ಹೆಚ್ಚಿಸಿದ, ಸಾರಿನ ರುಚಿ ನೋಡಿದ, ಅಡುಗೆಮನೆಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಕೇಳಿದ. ಹುಡುಗರು ತಡವರಿಸಿದರೂ ಬಿದ್ದುಹೋಗಲಿಲ್ಲ. ಲಾರಸ್ "ನಾನು ಶ್ರಮಜೀವಿ" ಎಂದು ಹೇಳಿ ಅಭ್ಯಾಸಬಲದಿಂದ ತನ್ನ ಮುಂದೆ ತಟ್ಟೆ ಇದೆಯೋ ಎಂದು ನೋಡಿಕೊಂಡಳು. ಹರ್ತಾತಿ ಮೂಲೆಯಲ್ಲಿ ಬೆನ್ನು ಸಡಿಲಿಸಿ ಕೂತಳು.

"ಬಹಳ ಸಂತೋಷ," ಎಂದು ತೊಗಾರ್ ಮೇಜು ಕುಟ್ಟಿದ. "ನಿಮ್ಮನ್ನೆಲ್ಲ ನಾವು ತೆಗೆದುಕೊಳ್ಳುತ್ತೇವೆ. ಇದು ತರಬೇತಿ. ಸಂಬಳ ಇರುವುದಿಲ್ಲ. ಎರಡು ಹೊತ್ತು ಊಟ, ಒಂದು ಸಮವಸ್ತ್ರ, ಕೊನೆಯಲ್ಲಿ ಪ್ರಮಾಣಪತ್ರ. ನಾಳೆಯಿಂದ ಬರುತ್ತೀರಾ?"

ಹೌದು ಅನ್ನಿ, ಎಂದು ಹರ್ತಾತಿ ಮನಸ್ಸಿನಲ್ಲೇ ಕೂಗಿದಳು. ಸಂಬಳವಿಲ್ಲದ ಕೆಲಸಕ್ಕೆ ಹೌದು ಅನ್ನಿಸುವುದಕ್ಕೆ ತಾನು ಇಷ್ಟು ವಾರ ಗಂಟಲು ಹರಿದುಕೊಂಡೆನೇ ಎಂಬ ಮಾತೂ ಅದರ ಹಿಂದೆಯೇ ಬಂತು. ಬಂದರೂ, ಹೌದು ಅನ್ನಿ ಎಂದೇ ಅವಳು ಬೇಡಿಕೊಂಡಳು.

ಬೀಮೊ ಎದ್ದು ನಿಂತ. ಮುಖಂಡ ಅವನೇ ತಾನೆ? ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಕಣ್ಣು ನೆಲದ ಮೇಲಿಟ್ಟು, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದ.

"ಧನ್ಯವಾದಗಳು. ಬೇಡ, ಸರ್. ನಮಗಿಂತ ಯೋಗ್ಯರು ಇರುತ್ತಾರೆ."

ಬೆಂಚಿನ ಮೇಲಿದ್ದವರೆಲ್ಲ ನಸುನಕ್ಕು ತಲೆಯಾಡಿಸಿದರು. ಹರ್ತಾತಿ ಕಣ್ಣು ಮುಚ್ಚಿಕೊಂಡಳು. ಕತ್ತಲಲ್ಲಿ ಅವಳಿಗೆ ಮೇಜಿನ ಮೇಲೆ ಕೂತ ಒಂದು ಮೊಬೈಲು ಕಂಡಿತು.

"ಬೇಡವೇ?" ಎಂದ ತೊಗಾರ್. ಕುಂಚೊರೊ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ತೊಗಾರ್ ಕಿಟಕಿಯ ಹತ್ತಿರ ಹೋಗಿ, ಹುಡುಗರಿಗೆ ಕೇಳದ ಹಾಗೆ ಎಂದುಕೊಂಡು ಇಡೀ ಶಾಲೆಗೆ ಕೇಳುವ ಹಾಗೆ ಮಾತಾಡಿದ. "ಬೇಡ ಅಂತಿದಾರೆ! ಎಲ್ಲರೂ ಒಟ್ಟಿಗೆ! ನಗ್ತಾ ಬೇಡ ಅಂತಾರೆ ಮಾರಾಯ, ಯಾರೋ ಚೆನ್ನಾಗಿ ಪಳಗಿಸಿದಾರೆ... ಹಾಂ. ಸರಿ. ಕೇಳಿ ನೋಡ್ತೀನಿ."

ತಿರುಗಿ ಬಂದು ಕೂತ. "ಊಟ, ಸಮವಸ್ತ್ರದ ಜೊತೆಗೆ ಬಸ್ ಖರ್ಚು, ಉಳಿಯಲು ಕೋಣೆ. ಈಗ?"

ಈ ಸಲ ಎದ್ದವಳು ಲಾರಸ್. ಅವಳು ತಾಯಿಯ ಕಡೆ ಒಮ್ಮೆ ನೋಡಿದಳು. ಹರ್ತಾತಿ ಎರಡು ಕಣ್ಣನ್ನೂ ಅಗಲಿಸಿ, ಹೌದು, ಹೌದು ಎಂದು ಹುಬ್ಬು ಕುಣಿಸಿದಳು. ಲಾರಸ್ ಕೈಗಳನ್ನು ಮುಂದೆ ಜೋಡಿಸಿಕೊಂಡಳು. ಅಜ್ಜಿ ತೋರಿಸಿಕೊಟ್ಟ ಜಾಗದಲ್ಲೇ.

"ಇರಲಿ, ಸರ್. ನಿಮಗೆ ಸುಮ್ಮನೆ ತೊಂದರೆ."

ತೊಗಾರ್ ಬೆವರೊರೆಸಿಕೊಂಡ. ಒಬ್ಬೊಬ್ಬರ ಮುಖವನ್ನೂ ಹುಡುಕಿದ. ಸಿಟ್ಟಿಲ್ಲ, ಹಠವಿಲ್ಲ, ಎಲ್ಲ ಮುಖಗಳಲ್ಲೂ ಅದೇ ಮೆಲುನಗೆ. ಯಾರಾದರೂ ಮೀಸೆ ತಿರುವಿ ಕೂಗಾಡಿದರೆ ಅವನಿಗೆ ಎದುರು ಕೂಗಾಡಲು ಬರುತ್ತಿತ್ತು. ಈ ನಗುವಿಗೆ ಏನು ಮಾಡುವುದೆಂದು ಅವನ ಊರಿನಲ್ಲಿ ಯಾರೂ ಕಲಿಸಿರಲಿಲ್ಲ. ಮೊಬೈಲು ಮತ್ತೆ ಬಡಿದುಕೊಂಡಿತು. ಅವನು ಅದನ್ನು ಎತ್ತಿ, "ಸಾಕು, ನಾನೇ ತೀರ್ಮಾನ ಮಾಡ್ತೀನಿ," ಎಂದು ಇಟ್ಟ.

"ಕೇಳಿ ಮಕ್ಕಳೇ. ತರಬೇತಿ ಅನ್ನೋದನ್ನ ಬಿಟ್ಟುಬಿಡೋಣ." ಅವನು ಇಂಗ್ಲಿಷನ್ನೂ ಬಿಟ್ಟಿದ್ದ. "ನಮ್ಮ ಅಡುಗೆಮನೆಯೋರಿಗೆ ಕೊಡೋ ಸಂಬಳವೇ ನಿಮಗೂ. ಮೊದಲ ದಿನದಿಂದ. ಕಾಗದದಲ್ಲಿ ಬರೆದು ಕೊಡ್ತೀನಿ. ಬರ್ದೆ ಹೋದ್ರೆ ನನ್ನ ಗತಿ ಏನು, ಹೇಳಿ?"

ಬೆಂಚಿನಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. "ಹೌದು, ಸರ್," ಎಂದರು ಕಣ್ಣಲ್ಲಿ ಕಣ್ಣಿಟ್ಟು. ಹರ್ತಾತಿ ಕಲಿಸಿದ್ದ ಹಾಗೆ, ಒಂದೇ ಉಸಿರಿನಲ್ಲಿ.

ಹೊರಗೆ ಸೈಕಲ್ ನಿಲ್ದಾಣದಲ್ಲಿ ಹರ್ತಾತಿ ಮಗಳ ಕಿವಿ ಹಿಡಿದಳು. "ಬೇಕೂಂತ ಮಾಡಿದ್ರಾ?"

"ಇಲ್ಲ ಬು, ದೇವರಾಣೆ! ಬೀಮೊ ಮರೆತುಬಿಟ್ಟ. ಬಾಯಿಗೆ ಅದೇ ಬಂತಂತೆ."

"ಮತ್ತೆ ನೀನು?"

"ನನಗೆ 'ಹೌದು' ನೆನಪಿತ್ತು. ಆದ್ರೆ ಅವರು ಇನ್ನೂ ಎರಡನೇ ಸಲ ಕೇಳ್ತಿದ್ರಲ್ಲ. ಈಗಲೇ ತಗೊಂಡ್ರೆ ಸಿಂಬಾ ಏನಂತಾರೆ ಅನ್ನಿಸ್ತು."

ಆ ರಾತ್ರಿ ಮನೆಯಲ್ಲಿ ಕೋಳಿ ಬೆಂದಿತು. ಮಾರ್ಸುದಿಗೂ ಕಾರ್ಖಾನೆಯಿಂದ ಕರೆ ಬಂದಿತ್ತು, ಇಲ್ಲದ ಕೋಟಿಗೆ ಮತ್ತೆ ಆರು ತಿಂಗಳು. ಅಜ್ಜಿ ಕತೆಯನ್ನೆಲ್ಲ ಕೇಳಿದಳು, ಹಲ್ಲಿಲ್ಲದ ದವಡೆಯಲ್ಲಿ ನಕ್ಕಳು, ತನ್ನ ಪಾತ್ರವನ್ನು ಮಾತ್ರ ಒಪ್ಪಲಿಲ್ಲ. "ನನಗೇನು ಗೊತ್ತು? ಇಂಗ್ಲಿಷ್ ಕಲಿಸಿದೋಳು ನೀನು," ಎಂದು ಕೋಳಿಯ ತೊಡೆಯನ್ನು ಸೊಸೆಯ ತಟ್ಟೆಗೆ ಹಾಕಿದಳು.

ಜುಲೈ ಬಂತು. ಗೇಟಿನ ಮೇಲೆ ಹೊಸ ಬ್ಯಾನರು ಬಂತು. ಅದರಲ್ಲಿ ಹುಡುಗರ ಮುಖಗಳಿಗಿಂತ ಕುಂಚೊರೊನ ಮುಖ ದೊಡ್ಡದಾಗಿತ್ತು. ತೊಗಾರ್ ಫೋನು ಮಾಡಿ, ಮುಂದಿನ ವರ್ಷವೂ ಇದೇ ಶಾಲೆಯ ಮಕ್ಕಳೇ ಬೇಕು, ಇವರಿಗೆ ಸಂದರ್ಶನ ಕಲಿಸಿದ ಆ ಭಯಂಕರ ಹೆಂಗಸೇ ಕಲಿಸಿರಬೇಕು ಎಂದಿದ್ದನಂತೆ. ಆ ಸುದ್ದಿ ಶಾಲೆಯ ಜವಾನನಿಂದ ಹರ್ತಾತಿಯ ಕಿವಿಗೆ ಮೊದಲೇ ಬಿದ್ದಿತ್ತು.

ಕುಂಚೊರೊ ಎಂದಿನಂತೆ ಹಾಳೆ ಮುಂದೆ ತಳ್ಳಿದ. "ಇನ್ನೊಂದು ವರ್ಷ, ಬು. ಹೋದ ಸಲದ ಹಾಗೇ. ಇಲ್ಲಿ ಸಹಿ."

ಅವಳ ಕೈ ಪೆನ್ನಿನ ಕಡೆ ಹೋಯಿತು. ಮುಚ್ಚಳದ ಮೇಲೆ ಬೆರಳಿಟ್ಟಾಗ ಅದು ಅಲ್ಲೇ ನಿಂತಿತು. ಆಮೇಲೆ ಕೇಳಿಸಿದ ದನಿ ತನ್ನದೇ ಎಂದು ಅವಳಿಗೆ ಗುರುತು ಸಿಗಲು ಗಳಿಗೆ ಹಿಡಿಯಿತು.

"ಬೇಡ, ಪಾಕ್. ನನಗಿಂತ ಯೋಗ್ಯರು ಇರ್ತಾರೆ. ಅವರಿಗೆ ಕೊಡಿ."

ಕುಂಚೊರೊನ ನಗು ಅರ್ಧಕ್ಕೆ ನಿಂತಿತು. ಅವನು ಮೆದಾನಿನವನಲ್ಲ, ಇದೇ ಮಣ್ಣಿನವನು. ಆ ಮಾತಿನ ಅರ್ಥ ಅವನಿಗೆ ಗೊತ್ತು, ಮುಂದೆ ಏನು ಮಾಡಬೇಕೆಂಬುದೂ ಗೊತ್ತು. ಗೊತ್ತಿದ್ದೂ ಅವನು ಹಾಳೆಯನ್ನು ಡ್ರಾಯರಿಗೆ ಹಾಕಿ, "ಯೋಚನೆ ಮಾಡ್ತೀವಿ," ಎಂದ.

ಹರ್ತಾತಿ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದಳು. "ಕೆಟ್ಟೆ. ಬೇಡ ಅಂದುಬಿಟ್ಟೆ."

"ಏನು? ಹುಚ್ಚು ಹಿಡೀತಾ?" ಎಂದು ಮಾರ್ಸುದಿ ಎದ್ದ. "ನಡಿ, ಈಗಲೇ ಹೋಗಿ ತಪ್ಪಾಯ್ತು ಅನ್ನೋಣ."

"ಕೂತ್ಕೊಳ್ಳೋ ನೀನು," ಎಂದು ಅಜ್ಜಿ ಅವನ ಮುಂದೆ ಅರೆಯುವ ಕಲ್ಲು ಎಳೆದಳು. "ಎಷ್ಟು ಸಲ ಕೇಳಿದ?"

"ಒಂದೇ ಸಲ, ಸಿಂಬಾ."

"ಹಂಗಿದ್ರೆ ಉಣ್ಣು. ಇನ್ನೂ ಎರಡು ಬಾಕಿ ಇದೆ."

ವಾರ ಕಳೆಯಿತು. ಯಾರೂ ಬರಲಿಲ್ಲ. ಓಣಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಹರ್ತಾತಿ ಬಾಗಿಲಿಗೆ ಬಂದು ಹೋಗುತ್ತಿದ್ದಳು. ಮಾರ್ಸುದಿ ದಿನಾ ಕೆಲಸದಿಂದ ಬಂದವನೇ ಜಗುಲಿಯ ಕಡೆ ನೋಡಿ, ಏನೂ ಕೇಳದೆ ಕೈಕಾಲು ತೊಳೆಯಲು ಹೋಗುತ್ತಿದ್ದ. ಅಜ್ಜಿ ಮಾತ್ರ ಎಂದಿನಂತೆ, "ಇವತ್ತು ಚಟ್ನಿ ಕೆಟ್ಟಿದೆ, ತಗೋಬೇಡಿ," ಎಂದು ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದಳು.

ಶನಿವಾರ ಸಂಜೆ ಓಣಿಯಲ್ಲಿ ಒಂದು ಮೋಟಾರುಬೈಕು ನಿಂತಿತು. ಕುಂಚೊರೊ ಒಂದು ಗೊನೆ ಬಾಳೆಹಣ್ಣು, ಸಕ್ಕರೆ ಪೊಟ್ಟಣ ಹಿಡಿದು ಜಗುಲಿ ಹತ್ತಿದ. ಓಡಿ ಬರಲು ಎದ್ದ ಹರ್ತಾತಿಯ ಸೊಂಟದ ಬಟ್ಟೆಯನ್ನು ಅಜ್ಜಿ ಹಿಂದಿನಿಂದ ಹಿಡಿದುಕೊಂಡಳು. "ಮೆಲ್ಲಗೆ. ಕಾಲು ನೋವು ಅನ್ನೋ ಹಂಗೆ ಹೋಗು."

ಬಾಳೆಹಣ್ಣಿನ ಬೆಲೆ, ಮಳೆ, ಮಂತ್ರಿಯ ಮಗನ ಮದುವೆ ಎಲ್ಲ ಆದ ಮೇಲೆ ಕುಂಚೊರೊ ವಿಷಯಕ್ಕೆ ಬಂದ. "ಗೌರವಧನ ಸ್ವಲ್ಪ ಏರಿಸೋಣ ಅಂತ ಮಂಡಳಿಯವರು ಅಂದ್ರು, ಬು. ಒಪ್ಕೋಬೇಕು ನೀವು."

ಹರ್ತಾತಿ ಕೈಗಳನ್ನು ಮುಂದೆ ಜೋಡಿಸಿಕೊಂಡಳು. "ಇರ್ಲಿ, ಪಾಕ್. ಮಂಡಳಿಗೆ ಸುಮ್ನೆ ತೊಂದ್ರೆ."

ಬಾಗಿಲ ಹಿಂದೆ ಮಾರ್ಸುದಿ ತಲೆ ಚಚ್ಚಿಕೊಂಡದ್ದು ಎಲ್ಲರಿಗೂ ಕೇಳಿಸಿತು.

ಆಗ ಅಜ್ಜಿ ಬಿಸಿ ತೆಂಪೆಯ ತಟ್ಟೆ ಹಿಡಿದು ಬಂದಳು. "ತಗೊಳ್ಳಿ, ಪಾಕ್."

"ಬೇಡ ಸಿಂಬಾ, ಈಗ ತಾನೆ ಊಟ ಆಯ್ತು."

"ತಗೊಳ್ಳಿ ಅಂದ್ನಲ್ಲ."

"ಇರ್ಲಿ ಸಿಂಬಾ, ಸುಮ್ನೆ ಯಾಕೆ..." ಎನ್ನುತ್ತ ಅವನು ಬೆರಳುಗಳನ್ನು ಒರೆಸಿಕೊಂಡು ಸಿದ್ಧನಾದ. ಎಣ್ಣೆಯ ಘಮ ಅವನ ಮೂಗಿಗೆ ಬಡಿದಿತ್ತು.

ಅಜ್ಜಿ ತಟ್ಟೆಯನ್ನು ಅವನ ಮುಂದೆ ಗಾಳಿಯಲ್ಲೇ ಹಿಡಿದು ನಿಂತಳು. ಮುಂದಕ್ಕೂ ತಳ್ಳಲಿಲ್ಲ, ಹಿಂದಕ್ಕೂ ತೆಗೆಯಲಿಲ್ಲ.

"ನಮ್ಮ ಮನೇಲಿ ಮೂರನೇ ಸಲ ಕೇಳೋ ಪದ್ಧತಿ ಇದೆ, ಪಾಕ್," ಎಂದಳು, ತುಂಬ ಮೃದುವಾಗಿ. "ನಿಮ್ಮ ಶಾಲೇಲಿ ಹೆಂಗೋ ಗೊತ್ತಿಲ್ಲ."

ಕುಂಚೊರೊ ತೆಂಪೆಯನ್ನು ನೋಡಿದ, ಅಜ್ಜಿಯನ್ನು ನೋಡಿದ, ಓಣಿಯಾಚೆ ಬೇಲಿಗೆ ಒರಗಿ ನಿಂತಿದ್ದ ನೆರೆಯವರನ್ನು ನೋಡಿದ. ಮೂರನೇ ಸಲ ಕೇಳದೆ ಎದ್ದು ಹೋದ ಎಂಬ ಮಾತು ನಾಳೆ ಬೆಳಿಗ್ಗೆ ಸೊಪ್ಪಿನ ಪೊಟ್ಟಣಗಳ ಜೊತೆ ಊರಿಗೆಲ್ಲ ಹಂಚಿಹೋಗುತ್ತದೆ.

"ಖಾಯಂ," ಎಂದ ಕೊನೆಗೆ. ಆ ಪದ ಅವನ ಬಾಯಲ್ಲಿ ಹಲ್ಲು ಕಿತ್ತಂತೆ ಬಂತು. "ಖಾಯಂ ನೇಮಕದ ಪತ್ರ ಕೊಡ್ತೀನಿ, ಬು ಹರ್ತಾತಿ. ಸೋಮವಾರ. ಬರ್ತೀರಾ?"

ಹರ್ತಾತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಹೌದು, ಪಾಕ್."

ಬಾಗಿಲ ಹಿಂದೆ ಏನೋ ಬಿದ್ದು ಒಡೆಯಿತು. ಅಜ್ಜಿ ತಟ್ಟೆಯನ್ನು ಕುಂಚೊರೊನ ಮುಂದೆ ಇಟ್ಟು, ಎಲೆಯ ಚೂರಿನಲ್ಲಿ ಅವನಿಗೆ ಎರಡು ತುಂಡು ಬಡಿಸಿದಳು. ಅವನು ಒಂದನ್ನು ಬಾಯಿಗೆ ಹಾಕಿಕೊಂಡ. ಬಿಸಿ ಉಸಿರು ಬಿಡುತ್ತ ಗೋಡೆಗೆ ಒರಗಿದ. ಸೋತವನಿಗೂ ತೆಂಪೆ ರುಚಿಸುತ್ತದೆ.

"ನಿಜ ಹೇಳ್ಬೇಕು ಅಂದ್ರೆ," ಎಂದ, "ನಾನು ಮೊದಲಿಂದಲೂ ಗುರುಗಳ ಪರವೇ. ನನ್ನಷ್ಟು ಉದಾರಿ ಅಧ್ಯಕ್ಷ ಈ ಜಿಲ್ಲೆಯಲ್ಲೇ..."

ಅಜ್ಜಿಯ ಕೈ ಮುಂದೆ ಬಂತು. ಎಲೆಯ ಮೇಲೆ ಉಳಿದಿದ್ದ ತುಂಡನ್ನು ಎತ್ತಿ ಅವಳು ತನ್ನ ಬಾಯಿಗೆ ಹಾಕಿಕೊಂಡಳು.